ಹಿತ್ತಿಲಿನ ಹಕ್ಕಿಗಳು ಮತ್ತು ಅವುಗಳ ಗೂಡುಗಳು: ಮರ ಕಡಿಯಲು ಹಾಗೂ ಕೊಂಬೆ ಸವರಲು ಅರ್ಜಿ ಸಲ್ಲಿಸುವ ನಾಗರಿಕರಿಗೆ ಮಾಹಿತಿ

ಪೀಠಿಕೆ

ನಮ್ಮ ರಾಜ್ಯದಲ್ಲಿ ಪ್ರತಿ ವರ್ಷ ಮಾರ್ಚ್‌ ತಿಂಗಳಿನಿಂದ ಜೂನ್‌ವರೆಗಿನ ಅವಧಿಯಲ್ಲಿ ಎರಡು ಕೆಲಸಗಳು ಏಕಕಾಲದಲ್ಲಿ ನಡೆಯುತ್ತವೆ. ಮುಂಗಾರು ಪೂರ್ವದ ಗಾಳಿಮಳೆಗೆ ಕೊಂಬೆಗಳು ಮುರಿದು ಮನೆ, ವಾಹನ ಹಾಗೂ ವಿದ್ಯುತ್‌ ತಂತಿಗಳ ಮೇಲೆ ಬೀಳದಂತೆ ತಡೆಯಲು ನಾಗರಿಕರೂ ಸ್ಥಳೀಯ ಸಂಸ್ಥೆಗಳೂ ಮರಗಳನ್ನು ಸವರುವ ಕಾರ್ಯವನ್ನು ಕೈಗೊಳ್ಳುತ್ತಾರೆ. ಅದೇ ಅವಧಿಯಲ್ಲಿ, ಅವೇ ಮರಗಳಲ್ಲಿ, ನಮ್ಮ ಹಿತ್ತಿಲಿನ ಬಹುಪಾಲು ಹಕ್ಕಿಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಕೊಂಬೆ ಕೆಳಗೆ ಬಿದ್ದ ನಂತರ ಅದರಲ್ಲಿ ಗೂಡಿತ್ತೆಂಬುದು ತಿಳಿದುಬಂದರೆ ಆ ಮರಿಗಳನ್ನು ಉಳಿಸಿಕೊಳ್ಳುವ ಸಾಧ್ಯತೆ ಬಹಳ ಕಡಿಮೆ.

ಇಂತಹ ನಷ್ಟವನ್ನು ಬಹುತೇಕ ಸಂದರ್ಭಗಳಲ್ಲಿ ತಪ್ಪಿಸಬಹುದಾಗಿದೆ. ಹಿತ್ತಿಲಿನ ಸಣ್ಣ ಹಕ್ಕಿಗಳ ಗೂಡಿನ ಕಾಲವು ವರ್ಷವಿಡೀ ಇರುವಂಥದ್ದಲ್ಲ. ಮೊಟ್ಟೆಯಿಟ್ಟ ದಿನದಿಂದ ಮರಿ ಹಾರಿಹೋಗುವವರೆಗೆ ಸಾಮಾನ್ಯವಾಗಿ ನಾಲ್ಕರಿಂದ ಏಳು ವಾರಗಳು ಮಾತ್ರ. ಅಷ್ಟು ದಿನ ಕಾಯುವುದರಿಂದ ಅಥವಾ ಕೆಲಸವನ್ನು ಮೊದಲೇ ಯೋಜಿಸುವುದರಿಂದ ಅರ್ಜಿದಾರರ ಉದ್ದೇಶವೂ ಈಡೇರುತ್ತದೆ, ಗೂಡೂ ಉಳಿಯುತ್ತದೆ. ಈ ವಿಷಯದಲ್ಲಿ ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳನ್ನು ಈ ಕೆಳಗೆ ನೀಡಲಾಗಿದೆ.

ಗೂಡು ಎಂದರೇನು?

ಗೂಡು ಹಕ್ಕಿಯ ವಾಸದ ಮನೆಯೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವವಾಗಿ ಹೆಚ್ಚಿನ ಹಕ್ಕಿಗಳಿಗೆ ಗೂಡು ಮೊಟ್ಟೆ ಮತ್ತು ಮರಿಗಳ ತೊಟ್ಟಿಲು ಮಾತ್ರ. ಮರಿಗಳು ಹೊರಬಿದ್ದ ಮೇಲೆ ಅದನ್ನು ತೊರೆದು, ರಾತ್ರಿಯ ವೇಳೆ ಕೊಂಬೆ, ಪೊದೆ ಅಥವಾ ಮರದ ದಟ್ಟ ಎಲೆಗಳ ನಡುವೆ ತಂಗುತ್ತವೆ. ಆದುದರಿಂದ ಗೂಡಿನಲ್ಲಿ ಮೊಟ್ಟೆ ಅಥವಾ ಮರಿ ಇರುವ ಅವಧಿಯೇ ಅತ್ಯಂತ ಸೂಕ್ಷ್ಮವಾದ ಅವಧಿಯಾಗಿರುತ್ತದೆ.

ಗಮನಿಸಬೇಕಾದ ಮತ್ತೊಂದು ಅಂಶವಿದೆ. ಹೆಚ್ಚಿನ ಸಣ್ಣ ಹಕ್ಕಿಗಳು ದಿನಕ್ಕೊಂದರಂತೆ ಮೊಟ್ಟೆಯಿಟ್ಟು, ಎಲ್ಲ ಮೊಟ್ಟೆಗಳನ್ನು ಇಟ್ಟು ಮುಗಿಸುವ ಹೊತ್ತಿಗೆ ಕಾವು ಕೊಡಲು ಆರಂಭಿಸುತ್ತವೆ. ಆದ್ದರಿಂದ ಗೂಡಿನಲ್ಲಿ ಮೊಟ್ಟೆಯಿದ್ದು ತಾಯಿ ಹಕ್ಕಿ ಕಾಣದಿದ್ದಲ್ಲಿ, ಆ ಗೂಡನ್ನು ಹಕ್ಕಿ ತೊರೆದಿದೆಯೆಂದು ತೀರ್ಮಾನಿಸಬಾರದು.

ಹಿತ್ತಿಲಿನಲ್ಲಿ ಗೂಡು ಕಟ್ಟುವ ಪ್ರಮುಖ ಹಕ್ಕಿಗಳು

ಅ) ಪೊಟರೆ ಮತ್ತು ಗೋಡೆಯ ಸಂದುಗಳಲ್ಲಿ ಗೂಡು ಮಾಡುವವು

ಗುಬ್ಬಚ್ಚಿ: ಹೆಂಚಿನ ಮಾಡಿನ ಸಂದು, ಗೋಡೆಯ ರಂಧ್ರ, ದೀಪದ ಮರೆ ಮುಂತಾದೆಡೆ ಹುಲ್ಲು, ನಾರು, ಗರಿಗಳನ್ನು ತುಂಬಿ ಗೂಡು ಮಾಡುತ್ತದೆ. ಸಾಮಾನ್ಯವಾಗಿ 3ರಿಂದ 5 ಮೊಟ್ಟೆಗಳನ್ನಿಡುತ್ತದೆ. ಸುಮಾರು ಎರಡು ವಾರ ಕಾವು, ನಂತರ ಸುಮಾರು ಎರಡು ವಾರ ಮರಿಗಳ ಪೋಷಣೆ. ದೊಡ್ಡ ಹಕ್ಕಿಗಳು ಕಾಳು ತಿನ್ನುತ್ತವೆಯಾದರೂ ಮರಿಗಳಿಗೆ ಮುಖ್ಯವಾಗಿ ಹುಳುಗಳನ್ನೇ ಉಣಿಸುತ್ತವೆ. 2020ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯ ಪ್ರಕಾರ ದೇಶದಲ್ಲಿ ಒಟ್ಟಾರೆಯಾಗಿ ಗುಬ್ಬಚ್ಚಿಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದ್ದರೂ, ಬೆಂಗಳೂರು ಸೇರಿದಂತೆ ಮಹಾನಗರಗಳಲ್ಲಿ ಇಳಿಮುಖವಾಗಿದೆ.

ಮಡಿವಾಳ ಹಕ್ಕಿ: ಕಪ್ಪು ಬಿಳುಪಿನ, ಬಾಲವನ್ನು ಮೇಲೆತ್ತಿ ನಡೆಯುವ ಈ ಹಕ್ಕಿಯ ಗಂಡು ಬೇಸಿಗೆಯ ನಸುಕಿನಲ್ಲಿ ದೀರ್ಘವಾಗಿ ಹಾಡುತ್ತದೆ. ಮರದ ಪೊಟರೆ, ಗೋಡೆಯ ತೂತು, ಕೆಲವೊಮ್ಮೆ ಬಳಸದೆ ಬಿಟ್ಟ ಕೊಳವೆಯಲ್ಲಿಯೂ ಗೂಡು ಮಾಡುತ್ತದೆ. 4 ಅಥವಾ 5 ಮೊಟ್ಟೆಗಳು. ಕಾವು ಕೊಡುವುದು ಹೆಣ್ಣು ಮಾತ್ರ. ಹೆಣ್ಣು ಪೊಟರೆಯೊಳಗೆ ಮೌನವಾಗಿ ಕುಳಿತಿರುವುದರಿಂದ ಮರದ ಕೆಳಗೆ ನಿಂತವರಿಗೆ ಗೂಡು ಇರುವುದು ತಿಳಿಯುವುದಿಲ್ಲ. ಗಂಡಿನ ಹಾಡು ಪ್ರತಿದಿನ ಒಂದೇ ಸ್ಥಳದಿಂದ ಕೇಳಿಬಂದರೆ ಸಮೀಪದಲ್ಲಿ ಗೂಡಿರಬಹುದೆಂದು ಭಾವಿಸತಕ್ಕದ್ದು.

ಗೊರವಂಕ (ಮೈನಾ): ಪೊಟರೆ ಹಾಗೂ ಕಟ್ಟಡಗಳ ಸಂದುಗಳಲ್ಲಿ 4ರಿಂದ 6 ಮೊಟ್ಟೆಗಳನ್ನಿಡುತ್ತದೆ. ಸುಮಾರು 17-18 ದಿನಗಳ ಕಾವು. ಮರಿಗಳು ಗೂಡು ಬಿಡಲು ಮತ್ತೆ ಮೂರು ವಾರಕ್ಕೂ ಹೆಚ್ಚು ಕಾಲ ಬೇಕಾಗುತ್ತದೆ.

ಕುಟ್ರು ಹಕ್ಕಿ ಮತ್ತು ಕಂಚುಗಾರ ಹಕ್ಕಿ: ಇವು ಮೆದುವಾದ ಅಥವಾ ಒಣಗಿದ ಕೊಂಬೆಯನ್ನು ಕೊಕ್ಕಿನಿಂದ ಕೊರೆದು ಸ್ವತಃ ಪೊಟರೆ ನಿರ್ಮಿಸುತ್ತವೆ. ಕುಟ್ರು ಹಕ್ಕಿ ಸುಮಾರು 14-15 ದಿನ ಕಾವು ಕೊಡುತ್ತದೆ. ಮರಿಗಳು ಗೂಡು ಬಿಡಲು ಐದು ವಾರಕ್ಕೂ ಹೆಚ್ಚು ಕಾಲ ತೆಗೆದುಕೊಳ್ಳುತ್ತವೆ. ಇವು ತೊರೆದ ಪೊಟರೆಗಳು ತಾವಾಗಿ ಮರ ಕೊರೆಯಲಾರದ ಇತರ ಹಕ್ಕಿಗಳಿಗೆ ಮುಂದೆ ಗೂಡಾಗುತ್ತವೆ. ಒಣ ಕೊಂಬೆಯನ್ನೆಲ್ಲ ನಿಷ್ಪ್ರಯೋಜಕವೆಂದು ಕಡಿದುಹಾಕಿದರೆ ಇಡೀ ಬಡಾವಣೆಯಲ್ಲಿ ಪೊಟರೆಗಳ ಕೊರತೆ ಉಂಟಾಗುವುದು ಈ ಕಾರಣದಿಂದಲೇ.

ಹಾಲಕ್ಕಿ ಮತ್ತು ಕಣಜ ಗೂಬೆ: ಹಳೆಯ ಮರದ ಪೊಟರೆಗಳಲ್ಲಿ ಹಾಲಕ್ಕಿಯೂ, ಕಟ್ಟಡಗಳ ಕತ್ತಲೆಯ ಮೂಲೆಗಳಲ್ಲಿ ಕಣಜ ಗೂಬೆಯೂ ಮರಿ ಮಾಡುತ್ತವೆ. ಇವುಗಳ ಗೂಡಿನ ಕಾಲ ಸಣ್ಣ ಹಕ್ಕಿಗಳಿಗಿಂತ ದೀರ್ಘವಾದುದು. ಕಣಜ ಗೂಬೆಯ ಮುಖ್ಯ ಆಹಾರ ಇಲಿಗಳು. ಗೂಬೆ ಅಪಶಕುನವೆಂಬ ನಂಬಿಕೆಯಿಂದ ಅವುಗಳನ್ನು ಓಡಿಸುವುದು ಅಥವಾ ಮರಿಗಳನ್ನು ಹೊರಗೆಸೆಯುವುದು ಕಾನೂನುಬಾಹಿರವಾಗಿರುತ್ತದೆ.

ಆ) ಗಿಡ, ಬಳ್ಳಿ ಮತ್ತು ಕೊಂಬೆಗಳಲ್ಲಿ ಗೂಡು ಕಟ್ಟುವವು

ಟುವ್ವಿ ಹಕ್ಕಿ (ದರ್ಜಿ ಹಕ್ಕಿ): ಅಗಲವಾದ ಒಂದು ಅಥವಾ ಎರಡು ಎಲೆಗಳ ಅಂಚನ್ನು ಜೇಡರ ಬಲೆಯ ಎಳೆ ಹಾಗೂ ನಾರಿನಿಂದ ಹೊಲಿದು, ಒಳಗೆ ಹತ್ತಿಯಂತಹ ಮೆತ್ತನೆಯ ಹಾಸು ಹಾಕುತ್ತದೆ. ಎಲೆಗಳು ಗಿಡದಲ್ಲಿ ಹಸಿರಾಗಿಯೇ ಇರುವುದರಿಂದ ಗೂಡು ಕಣ್ಣಿಗೆ ಬೀಳುವುದಿಲ್ಲ. ಬಹುಮಟ್ಟಿಗೆ ಮನುಷ್ಯರ ಎದೆಯೆತ್ತರಕ್ಕಿಂತ ಕೆಳಗೇ ಇರುತ್ತದೆ. ಮೊಟ್ಟೆಯಿಂದ ಹಾರುವವರೆಗೆ ಸುಮಾರು ನಾಲ್ಕು ವಾರ.

ಸೂರಕ್ಕಿ: ಹೂವಿನ ಮಕರಂದ ಹೀರುವ ಈ ಪುಟ್ಟ ಹಕ್ಕಿಯ ಹೆಣ್ಣು ನಾರು, ತೊಗಟೆಯ ಚೂರು ಹಾಗೂ ಜೇಡರ ಬಲೆಯಿಂದ ಜೋಲಾಡುವ ಚೀಲದಂತಹ ಗೂಡನ್ನು ಕಟ್ಟುತ್ತದೆ. ದೂರದಿಂದ ನೋಡಿದವರು ಇದನ್ನು ಬಳ್ಳಿಗೆ ಸಿಕ್ಕಿಕೊಂಡ ಕಸವೆಂದು ಭಾವಿಸಿ ಕಿತ್ತುಹಾಕುವ ಸಾಧ್ಯತೆಯಿದೆ. ಸಾಮಾನ್ಯವಾಗಿ ಎರಡು ಮೊಟ್ಟೆಗಳು. ಒಟ್ಟು ಸುಮಾರು ಐದು ವಾರ.

ಪಿಕಳಾರ: ಪೊದೆ, ಬೇಲಿ, ಹೂಕುಂಡ, ಬಾಲ್ಕನಿಯ ಬಳ್ಳಿಗಳಲ್ಲಿ ಬಟ್ಟಲಿನಾಕಾರದ ಗೂಡು. 2 ಅಥವಾ 3 ಮೊಟ್ಟೆಗಳು. ಒಟ್ಟು ನಾಲ್ಕು ವಾರದೊಳಗೆ ಮರಿಗಳು ಗೂಡು ಬಿಡುತ್ತವೆ. ಇದರ ಮರಿಗಳು ಚೆನ್ನಾಗಿ ಹಾರಲು ಕಲಿಯುವ ಮೊದಲೇ ಗೂಡಿನಿಂದ ಹೊರಬರುವುದು ಸಹಜ.

ಚೋರೆ ಹಕ್ಕಿ: ಬೆರಳೆಣಿಕೆಯ ಕಡ್ಡಿಗಳನ್ನು ಅಡ್ಡಡ್ಡಲಾಗಿ ಜೋಡಿಸಿ ಎರಡು ಬಿಳಿ ಮೊಟ್ಟೆಗಳನ್ನಿಡುತ್ತದೆ. ಗೂಡು ಎಷ್ಟು ತೆಳುವಾಗಿರುತ್ತದೆಯೆಂದರೆ ಕೆಳಗಿನಿಂದ ಮೊಟ್ಟೆ ಕಾಣುವುದುಂಟು. ಒಟ್ಟು ಸುಮಾರು ನಾಲ್ಕು ವಾರ.

ಇ) ಎತ್ತರದ ಮರಗಳಲ್ಲಿ ಗೂಡು ಕಟ್ಟುವವು

ಕಾಗೆ ಮತ್ತು ಕೋಗಿಲೆ: ಕೋಗಿಲೆಯು ತಾನು ಗೂಡು ಕಟ್ಟದೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವುದು ಸರ್ವವಿದಿತ. ಕಾಗೆಯ ಗೂಡನ್ನು ಕೆಡವಿದಾಗ ಅದರಲ್ಲಿದ್ದ ಕೋಗಿಲೆಯ ಮರಿಯೂ ನಾಶವಾಗುತ್ತದೆ. ಮರಿಯಿರುವ ದಿನಗಳಲ್ಲಿ ಕಾಗೆಗಳು ದಾರಿಹೋಕರ ತಲೆಗೆ ಎರಗುವುದುಂಟು. ಇದು ಮರಿಗಳು ಹಾರುವವರೆಗೆ ಕೆಲವು ದಿನಗಳ ಮಟ್ಟಿಗೆ ಮಾತ್ರ ಇರುವ ತೊಂದರೆ. ಆ ದಿನಗಳಲ್ಲಿ ಕೊಡೆ ಹಿಡಿದು ನಡೆಯುವುದು ಅಥವಾ ಬೇರೆ ದಾರಿ ಬಳಸುವುದು ಸೂಕ್ತ.

ಕಾನೂನಿನಲ್ಲಿರುವ ಅಂಶಗಳು

1. ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರಲ್ಲಿ 'ಬೇಟೆ' ಎಂಬ ಪದಕ್ಕೆ ನೀಡಲಾದ ಅರ್ಥವು ಕೊಲ್ಲುವುದಕ್ಕಷ್ಟೇ ಸೀಮಿತವಾಗಿಲ್ಲ. ಕಾಡುಹಕ್ಕಿಗಳ ಮೊಟ್ಟೆಗಳಿಗೆ ಹಾನಿ ಮಾಡುವುದು, ಅವುಗಳ ಮೊಟ್ಟೆ ಅಥವಾ ಗೂಡುಗಳನ್ನು ಕದಡುವುದು ಸಹ ಆ ಅರ್ಥದಲ್ಲಿ ಸೇರಿದೆ. ಇಲ್ಲಿ ಕಾಡುಹಕ್ಕಿ ಎಂದರೆ ಕಾಡಿನಲ್ಲಿ ವಾಸಿಸುವ ಹಕ್ಕಿ ಎಂದಷ್ಟೇ ಅರ್ಥವಲ್ಲ. ಸಾಕಿದ ಕೋಳಿ, ಬಾತುಗಳನ್ನು ಹೊರತುಪಡಿಸಿ ಸ್ವತಂತ್ರವಾಗಿ ಬದುಕುವ ಹಿತ್ತಿಲಿನ ಹಕ್ಕಿಗಳೂ ಅದರಲ್ಲಿ ಸೇರುತ್ತವೆ.

2. ಸದರಿ ಅಧಿನಿಯಮಕ್ಕೆ 2022ರಲ್ಲಿ ತಂದ ತಿದ್ದುಪಡಿಯು 1 ಏಪ್ರಿಲ್‌ 2023ರಿಂದ ಜಾರಿಗೆ ಬಂದಿದ್ದು, ಮೊದಲಿದ್ದ ಆರು ಅನುಸೂಚಿಗಳನ್ನು ನಾಲ್ಕಕ್ಕೆ ಇಳಿಸಲಾಗಿದೆ. ಒಂದನೆಯ ಮತ್ತು ಎರಡನೆಯ ಅನುಸೂಚಿಗಳಲ್ಲಿ ಹೆಸರಿಸಲಾದ ಪ್ರಾಣಿಪಕ್ಷಿಗಳ ಬೇಟೆಯನ್ನು ನಿಷೇಧಿಸಲಾಗಿದೆ. ಹಳೆಯ ಅನುಸೂಚಿಗಳ ಆಧಾರದ ಮೇಲೆ ಬರೆದ ಮಾಹಿತಿಯನ್ನು ಅವಲಂಬಿಸಬಾರದು.

3. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರನ್ವಯ, ವಿನಾಯಿತಿ ನೀಡಲಾದ ಜಾತಿಯ ಮರಗಳನ್ನು ಹೊರತುಪಡಿಸಿ, ಸ್ವಂತ ಜಮೀನಿನಲ್ಲಿರುವ ಮರವನ್ನು ಕಡಿಯಲು ಸಹ ವೃಕ್ಷ ಅಧಿಕಾರಿಯವರ ಪೂರ್ವಾನುಮತಿ ಅಗತ್ಯ. ತೆಂಗು, ಸರ್ವೆ, ನೀಲಗಿರಿ, ಸಿಲ್ವರ್‌ ಓಕ್‌, ಸುಬಾಬುಲ್‌ ಮುಂತಾದವು ವಿನಾಯಿತಿ ಪಡೆದ ಜಾತಿಗಳಾಗಿವೆ. ಆದರೆ ಮರಕ್ಕೆ ವಿನಾಯಿತಿಯಿದ್ದ ಮಾತ್ರಕ್ಕೆ ಅದರಲ್ಲಿರುವ ಗೂಡಿಗೆ ವಿನಾಯಿತಿ ಇರುವುದಿಲ್ಲ ಎಂಬುದನ್ನು ಗಮನಿಸತಕ್ಕದ್ದು.

4. ಸತ್ತಿರುವ, ರೋಗಕ್ಕೀಡಾದ, ಗಾಳಿಗೆ ಬಿದ್ದ, ಜೀವ ಅಥವಾ ಆಸ್ತಿಗೆ ಅಪಾಯ ತರುವ ಹಾಗೂ ಸಂಚಾರಕ್ಕೆ ಅಡ್ಡಿಯಾಗುವ ಮರಗಳ ಸಂದರ್ಭಗಳನ್ನು ಕಾಯ್ದೆಯು ಅನುಮತಿಗೆ ಆಧಾರಗಳನ್ನಾಗಿ ಗುರುತಿಸಿದೆ. ಮರ ಕಡಿದವರು ಬದಲಿ ಸಸಿಗಳನ್ನು ನೆಡುವ ಹೊಣೆಯನ್ನೂ ಹೊಂದಿರುತ್ತಾರೆ.

ಅರ್ಜಿ ಸಲ್ಲಿಸುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

1. ಮರವನ್ನು ಬೆಳಗಿನ ಹೊತ್ತು ಕನಿಷ್ಠ ಅರ್ಧ ಗಂಟೆ ದೂರದಿಂದ ಗಮನಿಸಿ. ಹಕ್ಕಿಯು ಬಾಯಲ್ಲಿ ಹುಲ್ಲು, ನಾರು ಅಥವಾ ಹುಳು ಹಿಡಿದು ಒಂದೇ ಸ್ಥಳಕ್ಕೆ ಮರಳಿ ಮರಳಿ ಬರುತ್ತಿದ್ದಲ್ಲಿ ಅಲ್ಲಿ ಗೂಡಿದೆಯೆಂದು ತಿಳಿಯಿರಿ.

2. ಒಂದೇ ದಿನದ ವೀಕ್ಷಣೆಯಿಂದ ತೀರ್ಮಾನಕ್ಕೆ ಬರಬೇಡಿ. ಕನಿಷ್ಠ ಎರಡು ದಿನ ನೋಡಿ.

3. ಕಾಂಡ ಹಾಗೂ ಒಣ ಕೊಂಬೆಗಳ ತಳಭಾಗದಲ್ಲಿ ದುಂಡನೆಯ ರಂಧ್ರಗಳಿವೆಯೇ, ಅವುಗಳ ಕೆಳಗೆ ಹೊಸ ಮರದ ಪುಡಿ ಅಥವಾ ಬಿಳಿ ಹಿಕ್ಕೆಯಿದೆಯೇ ಎಂಬುದನ್ನು ನೋಡಿ.

4. ಗೂಡಿನ ಸಮೀಪಕ್ಕೆ ಪದೇ ಪದೇ ಹೋಗಬೇಡಿ, ಎಲೆಗಳನ್ನು ಸರಿಸಿ ಛಾಯಾಚಿತ್ರ ತೆಗೆಯಬೇಡಿ. ಮರೆ ಸರಿದ ಗೂಡು ಕಾಗೆ ಹಾಗೂ ಬೆಕ್ಕುಗಳಿಗೆ ಸುಲಭವಾಗಿ ಕಾಣಿಸುತ್ತದೆ.

5. ಅರ್ಜಿಯಲ್ಲಿ ಮರದ ಜಾತಿ, ಸಂಖ್ಯೆ, ಇರುವ ಸ್ಥಳ ಹಾಗೂ ಕಡಿಯಲು ಕಾರಣವನ್ನು ಸ್ಪಷ್ಟವಾಗಿ ಬರೆಯುವುದರ ಜೊತೆಗೆ, ಗೂಡು ಕಂಡುಬಂದಿದ್ದಲ್ಲಿ ಅದನ್ನೂ ನಮೂದಿಸುವುದು ಒಳ್ಳೆಯದು. ಸ್ಥಳ ಪರಿಶೀಲನೆಗೆ ಬರುವ ಅಧಿಕಾರಿಗಳಿಗೆ ಇದರಿಂದ ಅನುಕೂಲವಾಗುತ್ತದೆ.

6. ತುರ್ತು ಇಲ್ಲದ ಕೊಂಬೆ ಸವರುವ ಕೆಲಸವನ್ನು ಮಳೆಗಾಲ ಮುಗಿದ ನಂತರ, ನವೆಂಬರ್‌ನಿಂದ ಜನವರಿಯೊಳಗೆ ಮಾಡಿಸಿಕೊಳ್ಳುವಂತೆ ಮುಂಚಿತವಾಗಿಯೇ ಅರ್ಜಿ ಸಲ್ಲಿಸಿ. ಆ ಅವಧಿಯಲ್ಲಿ ಸಣ್ಣ ಹಕ್ಕಿಗಳ ಗೂಡುಗಳು ಕಡಿಮೆ. ಆದರೆ ಹಾಲಕ್ಕಿಯಂತಹ ಕೆಲವು ಹಕ್ಕಿಗಳು ಚಳಿಗಾಲದಲ್ಲಿಯೇ ಗೂಡಿನ ಕಾಲವನ್ನು ಆರಂಭಿಸುವುದರಿಂದ ಪೊಟರೆಗಳನ್ನು ಆಗಲೂ ಪರಿಶೀಲಿಸತಕ್ಕದ್ದು.

ಗೂಡು ಕಂಡುಬಂದಲ್ಲಿ ಏನು ಮಾಡಬೇಕು?

ಅನುಮತಿ ದೊರೆತ ನಂತರವೂ ಕೆಲಸ ಆರಂಭಿಸುವ ದಿನ ಬೆಳಿಗ್ಗೆ ಮತ್ತೊಮ್ಮೆ ಮರವನ್ನು ನೋಡಬೇಕು. ಅರ್ಜಿ ಸಲ್ಲಿಸಿದ ದಿನ ಇಲ್ಲದ ಗೂಡು ಅನುಮತಿ ಬರುವಷ್ಟರಲ್ಲಿ ಬಂದಿರಬಹುದು. ಗೂಡು ಕಂಡುಬಂದಲ್ಲಿ, ಅದಿರುವ ಕೊಂಬೆಯನ್ನೂ ಅದಕ್ಕೆ ನೆರಳು ನೀಡುವ ಅಕ್ಕಪಕ್ಕದ ಕೊಂಬೆಗಳನ್ನೂ ಬಿಟ್ಟು, ಮರಿಗಳು ಹಾರಿಹೋದ ಮೇಲೆ ಉಳಿದ ಕೆಲಸ ಮಾಡಿಸುವುದು ಸೂಕ್ತ.

ಉದಾಹರಣೆಗೆ, ಹಿತ್ತಿಲಿನ ನುಗ್ಗೆ ಮರದ ಕೊಂಬೆಯೊಂದು ನೆರೆಮನೆಯ ಮಾಡಿನ ಮೇಲೆ ಚಾಚಿಕೊಂಡಿದೆ, ಅದರಲ್ಲಿ ಸೂರಕ್ಕಿಯ ಗೂಡಿದೆ ಎಂದಿಟ್ಟುಕೊಳ್ಳೋಣ. ತಾಯಿ ಹಕ್ಕಿ ಹುಳುಗಳನ್ನು ತಂದು ಉಣಿಸುತ್ತಿದ್ದರೆ ಮೊಟ್ಟೆಯೊಡೆದು ಮರಿಯಾಗಿದೆ ಎಂದರ್ಥ. ಹೆಚ್ಚೆಂದರೆ ಎರಡೂವರೆ ವಾರದಲ್ಲಿ ಗೂಡು ಬರಿದಾಗುತ್ತದೆ. ನೆರೆಯವರಿಗೆ ವಿಷಯ ತಿಳಿಸಿ ಅಷ್ಟು ದಿನದ ಕಾಲಾವಕಾಶ ಕೇಳಿಕೊಂಡರೆ ಸಾಕು. ಬಹಳಷ್ಟು ಸಂದರ್ಭಗಳಲ್ಲಿ ವಿಷಯ ತಿಳಿದವರು ಆಕ್ಷೇಪಿಸುವುದಿಲ್ಲ.

ಗೂಡನ್ನು ಬೇರೆ ಮರಕ್ಕೆ ವರ್ಗಾಯಿಸುವ ಪ್ರಯತ್ನ ಮಾಡಬಾರದು. ತಂದೆತಾಯಿ ಹಕ್ಕಿಗಳು ಗೂಡನ್ನು ಗುರುತಿಸುವುದು ಮುಖ್ಯವಾಗಿ ಅದಿರುವ ಸ್ಥಳದಿಂದ. ದೂರ ಒಯ್ದ ಗೂಡಿಗೆ ಅವು ಹಿಂದಿರುಗುವ ಭರವಸೆಯಿಲ್ಲ.

ಅಪಾಯದ ಸ್ಥಿತಿಯಲ್ಲಿರುವ ಮರಗಳು

ಮುರಿದು ನೇತಾಡುವ ಕೊಂಬೆ, ಬೇರು ಸಡಿಲಗೊಂಡು ವಾಲಿದ ಮರ ಹಾಗೂ ವಿದ್ಯುತ್‌ ತಂತಿಯ ಮೇಲೆ ಬಿದ್ದ ಕೊಂಬೆಗಳ ವಿಷಯದಲ್ಲಿ ಮನುಷ್ಯರ ಸುರಕ್ಷತೆಯೇ ಮೊದಲ ಆದ್ಯತೆ. ಇಂತಹ ಸಂದರ್ಭದಲ್ಲಿ ಕಾಯದೆ ಸ್ಥಳೀಯ ಸಂಸ್ಥೆ ಅಥವಾ ವಿದ್ಯುತ್‌ ಸರಬರಾಜು ಕಂಪನಿಗೆ ತಕ್ಷಣ ತಿಳಿಸಬೇಕು. ಗೂಡಿರುವುದು ಗೊತ್ತಿದ್ದರೆ ಅದನ್ನೂ ಹೇಳಿ. ಆ ಕೊಂಬೆಯನ್ನು ಒಮ್ಮೆಲೇ ಬೀಳಿಸದೆ ಹಗ್ಗ ಕಟ್ಟಿ ನಿಧಾನವಾಗಿ ಇಳಿಸಲು ಇದರಿಂದ ಸಾಧ್ಯವಾಗುತ್ತದೆ. ಗಾಯಗೊಂಡ ಅಥವಾ ಆಶ್ರಯ ಕಳೆದುಕೊಂಡ ಹಕ್ಕಿಗಳ ಬಗ್ಗೆ ಅರಣ್ಯ ಸಹಾಯವಾಣಿ 1926ಕ್ಕೆ ಅಥವಾ ಸಮೀಪದ ಅರಣ್ಯ ಕಚೇರಿಗೆ ಮಾಹಿತಿ ನೀಡಬಹುದು.

ನೆಲದ ಮೇಲೆ ಮರಿ ಸಿಕ್ಕಿದಲ್ಲಿ

1. ಮೈತುಂಬ ಗರಿ ಬಂದಿದ್ದು, ಬಾಲ ಗಿಡ್ಡವಾಗಿದ್ದು, ಕುಪ್ಪಳಿಸುತ್ತಿರುವ ಮರಿ ಹಾರಲು ಕಲಿಯುತ್ತಿರುವ ಮರಿಯಾಗಿರುತ್ತದೆ. ಅದು ಅನಾಥವಲ್ಲ. ತಂದೆತಾಯಿ ಹಕ್ಕಿಗಳು ಸಮೀಪದಲ್ಲೇ ಇದ್ದು ಆಹಾರ ನೀಡುತ್ತಿರುತ್ತವೆ. ಅದನ್ನು ಮನೆಗೆ ಒಯ್ಯಬಾರದು. ಬೆಕ್ಕು, ನಾಯಿ ಬರುವ ಸ್ಥಳವಾಗಿದ್ದಲ್ಲಿ ಹತ್ತಿರದ ಪೊದೆ ಅಥವಾ ತಗ್ಗು ಕೊಂಬೆಯ ಮೇಲೆ ಇಟ್ಟು ದೂರ ಸರಿಯಿರಿ.

2. ಗರಿಯಿಲ್ಲದ, ಕಣ್ಣು ತೆರೆಯದ ಮರಿಯಾಗಿದ್ದಲ್ಲಿ ಅದೇ ಗೂಡಿಗೆ ಮೆಲ್ಲನೆ ಹಿಂದಿರುಗಿಸಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ.

3. ಗೂಡು ಕಳಚಿ ಬಿದ್ದಿದ್ದರೆ, ತಳದಲ್ಲಿ ರಂಧ್ರಗಳಿರುವ ಸಣ್ಣ ಬುಟ್ಟಿಯಲ್ಲಿ ಒಣಹುಲ್ಲು ಹಾಸಿ ಮರಿಗಳನ್ನಿಟ್ಟು, ಗೂಡಿದ್ದ ಸ್ಥಳಕ್ಕೆ ಸಾಧ್ಯವಾದಷ್ಟು ಸಮೀಪದಲ್ಲಿ ಕಟ್ಟಿ. ನಂತರ ದೂರದಿಂದ ಗಮನಿಸಿ.

4. ಮರಿಯ ಬಾಯಿಗೆ ನೀರು ಅಥವಾ ಹಾಲು ಹಾಕಬೇಡಿ. ಶ್ವಾಸನಾಳಕ್ಕೆ ಸೇರಿ ಮರಿ ಸಾಯುವ ಸಂಭವವಿದೆ.

ಗೂಡುಪೆಟ್ಟಿಗೆಗಳ ಬಗ್ಗೆ

ಹಳೆಯ ಮರ ಹಾಗೂ ಹೆಂಚಿನ ಮನೆಗಳು ಕಡಿಮೆಯಾದಂತೆ ಪೊಟರೆ ಮತ್ತು ಸಂದುಗಳನ್ನು ಅವಲಂಬಿಸಿದ ಹಕ್ಕಿಗಳಿಗೆ ಸ್ಥಳವಿಲ್ಲದಾಗುತ್ತಿದೆ. ಮರದ ಹಲಗೆಯ ಗೂಡುಪೆಟ್ಟಿಗೆಯಿಂದ ಸ್ವಲ್ಪಮಟ್ಟಿಗೆ ಪರಿಹಾರ ದೊರೆಯುತ್ತದೆ. ಗುಬ್ಬಚ್ಚಿಗೆ ಸುಮಾರು 32 ಮಿಲಿಮೀಟರ್‌ ಅಗಲದ ದುಂಡನೆಯ ಬಾಗಿಲು ಸಾಕು. ಇಷ್ಟು ಚಿಕ್ಕ ಬಾಗಿಲಿನೊಳಗೆ ಗೊರವಂಕ ನುಗ್ಗಲಾರದು. ಪೆಟ್ಟಿಗೆಯನ್ನು ಎರಡರಿಂದ ಮೂರು ಮೀಟರ್‌ ಅಥವಾ ಅದಕ್ಕಿಂತ ಎತ್ತರದಲ್ಲಿ, ನೇರ ಬಿಸಿಲು ಹಾಗೂ ಇರಿಚಲು ತಾಗದೆಡೆ, ಬೆಕ್ಕಿಗೆ ಎಟುಕದಂತೆ ತೂಗುಹಾಕಬೇಕು. ತಳದಲ್ಲಿ ನೀರು ಬಸಿಯಲು ಸಣ್ಣ ರಂಧ್ರಗಳಿರಲಿ. ಒಳಭಾಗಕ್ಕೆ ಬಣ್ಣ ಬಳಿಯಬೇಡಿ. ಬಾಗಿಲ ಮುಂದೆ ಕೂರಲು ಕಡ್ಡಿಯ ಅಗತ್ಯವಿಲ್ಲ. ಅದು ಮರಿ ಕದಿಯಲು ಬರುವ ಕಾಗೆಗೆ ಆಸರೆಯಾಗುತ್ತದೆ. ಗೂಡಿನ ಕಾಲ ಮುಗಿದ ನಂತರ ಪೆಟ್ಟಿಗೆಯನ್ನು ಸ್ವಚ್ಛಗೊಳಿಸಿ.

ಪೆಟ್ಟಿಗೆಯಿಂದ ಮಾತ್ರ ಉಪಯೋಗವಾಗದು. ಮರಿಗಳಿಗೆ ಹುಳು ಬೇಕು, ಹುಳುಗಳಿಗೆ ಗಿಡ ಬೇಕು. ಕೀಟನಾಶಕವನ್ನು ಮಿತಗೊಳಿಸಿ, ಹಿತ್ತಿಲಿನ ಒಂದು ಮೂಲೆಯಲ್ಲಾದರೂ ದಾಸವಾಳ, ಕರಿಬೇವು, ತುಳಸಿ ಮುಂತಾದ ಗಿಡಗಳನ್ನು ದಟ್ಟವಾಗಿ ಬೆಳೆಯಲು ಬಿಡುವುದು ಒಳಿತು.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮರ ಕಡಿಯಲು ಅನುಮತಿ ಪತ್ರ ನನ್ನ ಬಳಿ ಇದೆ. ಗೂಡಿದ್ದರೂ ಕಡಿಯಬಹುದೇ?
ಉತ್ತರ: ಅನುಮತಿಯು ಮರಕ್ಕೆ ಸಂಬಂಧಿಸಿದ್ದು. ಗೂಡು ಮತ್ತು ಮೊಟ್ಟೆಗಳಿಗೆ 1972ರ ಅಧಿನಿಯಮ ಪ್ರತ್ಯೇಕವಾಗಿ ಅನ್ವಯವಾಗುತ್ತದೆ. ಅನುಮತಿ ನೀಡಿದ ಅಧಿಕಾರಿಯವರಿಗೆ ತಿಳಿಸಿ, ಮರಿಗಳು ಹಾರುವವರೆಗೆ ಕೆಲಸವನ್ನು ಮುಂದೂಡಿ.

ಪ್ರಶ್ನೆ: ಗೂಡು ಖಾಲಿಯಾಗಿದೆಯೆಂದು ತಿಳಿಯುವುದು ಹೇಗೆ?
ಉತ್ತರ: ಮೂರು-ನಾಲ್ಕು ದಿನ ಬೆಳಿಗ್ಗೆ ಮತ್ತು ಸಂಜೆ ಗಮನಿಸಿದಾಗ ಹಕ್ಕಿಗಳ ಬಂದುಹೋಗುವಿಕೆ ಇಲ್ಲದಿದ್ದಲ್ಲಿ, ಒಳಗೆ ಮೊಟ್ಟೆ ಅಥವಾ ಮರಿ ಇಲ್ಲವೆಂಬುದನ್ನು ಖಚಿತಪಡಿಸಿಕೊಂಡು ಮುಂದುವರಿಯಬಹುದು. ಗುಬ್ಬಚ್ಚಿಯಂತಹ ಹಕ್ಕಿಗಳು ಅದೇ ಸ್ಥಳದಲ್ಲಿ ಮತ್ತೆ ಮೊಟ್ಟೆಯಿಡಬಹುದಾದುದರಿಂದ ವಿಳಂಬ ಮಾಡಬೇಡಿ.

ಪ್ರಶ್ನೆ: ಮನೆಗೆ ಬಣ್ಣ ಬಳಿಸುತ್ತಿದ್ದೇವೆ. ಗೋಡೆಯ ತೂತಿನಲ್ಲಿ ಮರಿಗಳಿವೆ.
ಉತ್ತರ: ಆ ಭಾಗದ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಿ. ತೂತನ್ನು ಸಿಮೆಂಟಿನಿಂದ ಮುಚ್ಚುವ ಮೊದಲು ಒಳಗೆ ಜೀವವಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ನೆಲಕ್ಕೆ ಬಿದ್ದ ಗಿಳಿಯ ಮರಿಯನ್ನು ಸಾಕಿಕೊಳ್ಳಬಹುದೇ?
ಉತ್ತರ: ಇಲ್ಲ. ನಮ್ಮ ನಾಡಿನ ಗಿಳಿಗಳನ್ನು ಪಂಜರದಲ್ಲಿ ಸಾಕುವುದು ಕಾನೂನಿಗೆ ವಿರುದ್ಧ. ಅರಣ್ಯ ಇಲಾಖೆಗೆ ತಿಳಿಸಿ.

ಸಾರ್ವಜನಿಕರಲ್ಲಿ ಮನವಿ

ಮರವನ್ನು ಯಾವ ದಿನ ಸವರಬೇಕೆಂಬುದನ್ನು ನಿರ್ಧರಿಸುವ ಸ್ವಾತಂತ್ರ್ಯ ಬಹುತೇಕ ಸಂದರ್ಭಗಳಲ್ಲಿ ಮನೆಯವರಿಗೇ ಇರುತ್ತದೆ. ಗೂಡಿನೊಳಗಿನ ಮರಿಗೆ ಆ ಸ್ವಾತಂತ್ರ್ಯವಿಲ್ಲ. ಗರಿ ಬಲಿಯುವವರೆಗೆ ಅದು ಅಲ್ಲಿಯೇ ಇರಬೇಕು. ಆದ್ದರಿಂದ ಕೊಡಲಿ ಅಥವಾ ಗರಗಸ ಎತ್ತುವ ಮುನ್ನ ಅರ್ಧ ಗಂಟೆ ಮರವನ್ನು ನೋಡುವಂತೆಯೂ, ಗೂಡು ಕಂಡಲ್ಲಿ ಕೆಲವು ವಾರ ಕಾಯುವಂತೆಯೂ, ಕೆಲಸಕ್ಕೆ ಬರುವ ಕೂಲಿಕಾರರಿಗೆ ಹಾಗೂ ಗುತ್ತಿಗೆದಾರರಿಗೆ ಈ ವಿಷಯವನ್ನು ಮೊದಲೇ ತಿಳಿಸುವಂತೆಯೂ ಎಲ್ಲ ನಾಗರಿಕರಲ್ಲಿ ಕೋರಲಾಗಿದೆ.